ಕಡೆಯೂರಿನ ಹಾದಿಯ ಹಡಗು

"ಹಾಗಾದರೆ ಕಡೆಯೂರಿಗೆ ಇನ್ನು ಯಾರು ಹೋಗುವುದು?"

ವಾರಿಜಾ ಕೇಳಿದಳು. ಯಾರನ್ನೂ ಅಲ್ಲ. ಎದುರಿಗಿದ್ದದ್ದು ಮೇಜಿನ ಖಾಲಿ ಡ್ರಾಯರು. ಅದರಲ್ಲಿರಬೇಕಾಗಿದ್ದ ನೀಲಿ ರಟ್ಟಿನ ನೋಟ್‌ಬುಕ್ಕು ಮಾಯವಾಗಿತ್ತು.

ಹಿಂದೆ ಮಂಚದ ಮೇಲೆ ಕ್ಲಾರೆನ್ಸ್ ಮಾಸ್ಟ್ರು ಮಲಗಿದ್ದರು. ಕಲ್ಯಾಣಪುರದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಪಾರ್ಶ್ವವಾಯು ಬಡಿದು ಎರಡು ತಿಂಗಳಾಗಿತ್ತು. ಮಾತು ನಿಂತಿತ್ತು, ಕೈ ಬಿದ್ದಿತ್ತು. ಕಿವಿ ಮಾತ್ರ ಚುರುಕು. ಅವಳ ಮಾತು ಕೇಳಿ ಅವರ ಕಣ್ಣಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲು ಅವರಿಂದಾಗದು. ವಾರಿಜಾಳೇ ಸೆರಗಿನಿಂದ ಒರೆಸಿದಳು.

ಅವಳು ಉಡುಪಿಯ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುವವಳು. ಮೂರು ವರ್ಷಗಳಿಂದ ಅದರಲ್ಲಿ ಮಾಸ್ಟ್ರ 'ಜೋಡುಬೆಳಕು' ಧಾರಾವಾಹಿ ಬರುತ್ತಿತ್ತು. ಎಲ್ಲೂ ಇಲ್ಲದ ಒಂದು ನಕ್ಷತ್ರಮಂಡಲ. ಒಂದು ಬಿಳಿ ಸೂರ್ಯ, ಒಂದು ಕೆಂಪು ಸೂರ್ಯ. ಏಳು ಲೋಕಗಳು. ಒಂದು ಮುಳುಗುವಾಗ ಇನ್ನೊಂದು ಹುಟ್ಟುವುದರಿಂದ ಆರು ಲೋಕಗಳಿಗೆ ಇರುಳೆಂಬುದೇ ಇಲ್ಲ. ಏಳನೆಯದು ಕಡೆಯೂರು. ಅಲ್ಲಿಂದ ನೋಡಿದರೆ ಎರಡು ಸೂರ್ಯರೂ ಬರೀ ಎರಡು ಕಿಡಿ. ಕತ್ತಲೆ ಇರುವುದು ಅಲ್ಲಿ ಮಾತ್ರ. ಆ ಕಡೆಯೂರಿಗೆ ಹೊರಟ ಹಡಗೊಂದು ಹಾದಿಯಲ್ಲಿ ಕಾಣೆಯಾಗಿತ್ತು. "ಹಡಗು ಸಿಕ್ಕಿತಾ?" ಎಂದು ಬಸ್ಸಿನಲ್ಲಿಯೂ ಜನ ಅವಳನ್ನು ಕೇಳುತ್ತಿದ್ದರು.

ಕೊನೆಯ ಅಧ್ಯಾಯಗಳನ್ನು ಮಾಸ್ಟ್ರು ಕಾಯಿಲೆಗೆ ಮೊದಲೇ ಬರೆದು ಮುಗಿಸಿದ್ದರು. ಭಾನುವಾರ ನೋಟ್‌ಬುಕ್ಕು ಡ್ರಾಯರಿನಲ್ಲಿತ್ತು. ವಾರಿಜಾ ಕಣ್ಣಾರೆ ಕಂಡು, ಗುರುವಾರ ಬಂದು ಒಯ್ಯುತ್ತೇನೆಂದು ಬಿಟ್ಟುಹೋಗಿದ್ದಳು. ಇವತ್ತು ಗುರುವಾರ.

"ಬೀಗ ಒಡೆದಿಲ್ಲ ಬಾಯಮ್ಮ," ಎಂದಳು.

ಗಂಜಿಯ ಬಟ್ಟಲು ಹಿಡಿದು ಬಂದ ಮ್ಯಾಗ್ಡಲಿನ್ ಬಾಯಿ, ಮಾಸ್ಟ್ರ ಹೆಂಡತಿ, ತಲೆ ಎತ್ತಲಿಲ್ಲ. "ಕೀಲಿಕೈ ಮೊಳೆಯಲ್ಲೇ ನೇತಾಡ್ತದೆ. ಯಾರು ಬೇಕಾದರೂ ತೆಗೆಯಬಹುದು."

"ಭಾನುವಾರದಿಂದ ಈಚೆ ಯಾರು ಬಂದಿದ್ದರು?"

"ಕ್ಷೌರ ಮಾಡಲಿಕ್ಕೆ ರೊಸಾರಿಯೊ. ಸೋಮವಾರ ಕಾರ್ಕಳದ ಆ ಕಥೆ ಬರೆಯುವ ಮ್ಯಾಕ್ಸಿಮ್. ಹತ್ತು ನಿಮಿಷ ಕೂತು ಹೋದ."

ಸಂಪಾದಕರು ಖಡಾಖಂಡಿತವಾಗಿ ಹೇಳಿದ್ದರು. ಸೋಮವಾರದೊಳಗೆ ನೋಟ್‌ಬುಕ್ಕು ಸಿಗದಿದ್ದರೆ ಕಥೆಯನ್ನು ಮುಗಿಸುವುದು ಮ್ಯಾಕ್ಸಿಮ್. ಮಾಸ್ಟ್ರಿಗೆ ಜಗತ್ತಿನಲ್ಲಿ ಉಳಿದಿದ್ದದ್ದು ಆ ಕೊನೆ ಒಂದೇ. ಅದೂ ಬೇರೆಯವರ ಕೈಗೆ.

* * *

ಹೆಡ್ ಕಾನ್‌ಸ್ಟೇಬಲ್ ಸುಂದರ ವಾರಿಜಾಳ ದೂರು ಬರೆಯಲು ಪೆನ್ನಿನ ಕ್ಯಾಪು ತೆಗೆದ.

"ಎಂತ ಹೋದದ್ದು?"

"ಒಂದು ನಕ್ಷತ್ರಮಂಡಲ. ಎರಡು ಸೂರ್ಯ, ಏಳು ಲೋಕ."

ಅವನು ಕ್ಯಾಪು ಹಾಕಿದ. "ಅದು ನಮ್ಮ ಸ್ಟೇಷನ್ನಿನ ಹದ್ದಿಗೆ ಬರ್ತದಾ ಮಾರಾಯ್ತಿ?"

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಶೇಖರನೂ ತಲೆಯಾಡಿಸಿದ. "ಇಲ್ಲಿಗೆ ಬಂದಿಲ್ಲಕ್ಕ. ಮಾಸ್ಟ್ರ ಹಾಳೆ ಬಂದರೆ ನನಗೆ ದೂರದಿಂದಲೇ ಗೊತ್ತಾಗ್ತದೆ. ಪ್ರತಿ ಪುಟದ ನೆತ್ತಿಯಲ್ಲಿ ಒಂದು ಶಿಲುಬೆ. ಮೊದಲ ವಾರ ನಾನು ಅದನ್ನು ಲೆಕ್ಕದ ಕೂಡುವ ಗುರುತು ಅಂತ ಜೋಡಿಸಿಬಿಟ್ಟಿದ್ದೆ. ಆಮೇಲೆ ನೀವೇ ಬೈದದ್ದಲ್ವಾ?"

ಹೌದು. ದೇವರನ್ನು ನೆನೆಯದೆ ಮಾಸ್ಟ್ರು ಒಂದು ಪುಟವನ್ನೂ ಶುರು ಮಾಡಿದವರಲ್ಲ.

* * *

ಶನಿವಾರ ಮಣಿಪಾಲ ದಾಟಿ ಹೋಗುವ ಬಸ್ಸು ಹಿಡಿದು ಅವಳು ಕಾರ್ಕಳಕ್ಕೆ ಹೋದಳು. ಮ್ಯಾಕ್ಸಿಮ್ ನಗುತ್ತಲೇ ಬಾಗಿಲು ತೆರೆದ.

"ಕಳ್ಳನನ್ನು ಹಿಡಿಯಲಿಕ್ಕೆ ಬಂದದ್ದಾ? ಕೂತುಕೊಳ್ಳಿ. ನಾನು ಬರೆದದ್ದನ್ನು ಕೇಳಿ, ಆಮೇಲೆ ಕೋಳ ಹಾಕಿ."

ಓದಿದ. ಕಳೆದುಹೋದ ಹಡಗು ಮೂರನೆಯ ಲೋಕದಲ್ಲಿ ಬಂದಿಳಿಯುತ್ತದೆ. ನಡುರಾತ್ರಿ. ಜನ ಪಂಜು ಹಿಡಿದು ಓಡಿಬರುತ್ತಾರೆ. ಎಲ್ಲರೂ ಬದುಕಿದ್ದಾರೆ. ತಾಯಂದಿರು ಅಪ್ಪಿಕೊಳ್ಳುತ್ತಾರೆ.

"ಹೇಗುಂಟು?"

ವಾರಿಜಾ ಎದ್ದಳು. "ಮೂರನೆಯ ಲೋಕದಲ್ಲಿ ರಾತ್ರಿ ಇಲ್ಲ ಮ್ಯಾಕ್ಸಿಮರೇ."

ಅವನ ಮುಖ ಸಣ್ಣದಾಯಿತು. ಮಾಸ್ಟ್ರ ಒಂದು ಕಂತನ್ನೂ ಅವನು ಸರಿಯಾಗಿ ಓದಿರಲಿಲ್ಲ. ನೋಟ್‌ಬುಕ್ಕು ಕೈಯಲ್ಲಿದ್ದವನು ಈ ತಪ್ಪು ಮಾಡುವುದಿಲ್ಲ. ಇವನು ಸೋಮಾರಿ. ಕಳ್ಳನಲ್ಲ.

ಬಸ್ಸಿನಲ್ಲಿ ಮರಳುವಾಗ ಅವಳಿಗೆ ಅಳು ಬಂತು. ನಾಳೆಯೊಂದೇ ದಿನ ಉಳಿದಿತ್ತು. ಕೊನೆಗೆ ಪಂಜು, ಅಪ್ಪುಗೆ. ಅಕ್ಷರದೋಷ ತಿದ್ದಿ ಅದನ್ನು ಅಚ್ಚಿಗೆ ಬಿಡಬೇಕಾದವಳು ಅವಳೇ.

* * *

ಭಾನುವಾರ ಪೂಜೆ ಮುಗಿದ ಮೇಲೆ, ಇಗರ್ಜಿಯ ಚಾಕರಿಯನ್ನೂ ಮಾಡುವ ರೊಸಾರಿಯೊ ಪೊರ್ಬು ಅದರ ಹಿಂದಿನ ಅಂಗಳದಲ್ಲಿ ಒಣ ತೆಂಗಿನಗರಿ ಹರಡುತ್ತಿದ್ದ. ಹೋದ ವರ್ಷದ ಗರಿಗಳ ಭಾನುವಾರದಂದು ಆಶೀರ್ವಾದ ಮಾಡಿಸಿ, ಮನೆಮನೆಗೆ ಒಯ್ದು ಪ್ರಾರ್ಥನೆಯ ಅಲ್ತಾರಿನ ದೇವರ ಪಟದ ಹಿಂದೆ ಸಿಕ್ಕಿಸಿದ ಗರಿಗಳು ಅವು. ವರ್ಷ ತುಂಬುವಾಗ ಇಲ್ಲಿಗೆ ಮರಳುತ್ತವೆ. ಸುಟ್ಟು ಬೂದಿ ಮಾಡುತ್ತಾರೆ. ಈ ವಾರದ ಬೂದಿ ಬುಧವಾರ ಆ ಬೂದಿಯೇ ಎಲ್ಲರ ಹಣೆಗೆ.

"ಪೊರ್ಬುಗಳೇ, ಇದನ್ನು ಮನೆಯ ಒಲೆಗೇ ಹಾಕಿದರೆ ಆಗುವುದಿಲ್ಲವಾ?"

"ಛೆ, ಆಶೀರ್ವಾದ ಆದದ್ದು! ಶಿಲುಬೆ ಬರೆದ ಕಾಗದವನ್ನು ಕೂಡ ನನ್ನ ಅಮ್ಮ ಒಲೆಗೆ ಹಾಕಿದವಳಲ್ಲ. ಗರಿಯ ಒಟ್ಟಿಗೆ ಇಲ್ಲಿಗೇ ಕಳಿಸುತ್ತಿದ್ದಳು."

"ಎಲ್ಲ ಮನೆಯದ್ದೂ ಬಂತಾ?"

"ಮಾಸ್ಟ್ರ ಮನೆಯದ್ದೊಂದು ಬಿಟ್ಟು. ನಲವತ್ತು ವರ್ಷದಲ್ಲಿ ಇದೇ ಮೊದಲು. ಮೊನ್ನೆ ಕ್ಷೌರಕ್ಕೆ ಹೋದಾಗ ಕೇಳಿದೆ. ಮ್ಯಾಗ್ಡಲಿನ್ ಬಾಯಿ 'ಗರಿ ಇಲ್ಲ' ಅಂದರು. ಎಂತ ಇಲ್ಲ? ಪಟದ ಹಿಂದೆ ಕಾಣ್ತಾ ಉಂಟು."

ವಾರಿಜಾ ಅಲ್ಲಿಂದಲೇ ಮಾಸ್ಟ್ರ ಮನೆಗೆ ಹೊರಟಳು.

* * *

ಚಾವಡಿಯ ಗೋಡೆಯಲ್ಲಿ ಅಲ್ತಾರು, ದೇವರ ಪಟದ ಹಿಂದೆ ಗರಿಯ ಕಟ್ಟು. ಪಕ್ಕದಲ್ಲಿ ಮಗ ಲಿಯೋನೆಲ್‌ನ ಫೋಟೊ. ಎಪ್ಪತ್ತಾರನೆಯ ಇಸವಿಯಲ್ಲಿ ಮುಂಬೈಯಿಂದ ಲಾಂಚು ದೋಣಿ ಹತ್ತಿ ದುಬೈಗೆ ಹೊರಟವನು. ಮುಟ್ಟಿದ ಸುದ್ದಿಯಿಲ್ಲ, ಮುಳುಗಿದ ಸುದ್ದಿಯೂ ಇಲ್ಲ. ಫೋಟೊಗೆ ಹಾರ ಹಾಕಿರಲಿಲ್ಲ. ಅವನ ಎಡಹುಬ್ಬಿನ ಮೇಲೊಂದು ಗಾಯದ ಕಲೆ.

"ಬಾಯಮ್ಮ, ಆ ಗರಿಯ ಕಟ್ಟು ಬಿಚ್ಚುತ್ತೀರಾ?"

ಮ್ಯಾಗ್ಡಲಿನ್ ಬಾಯಿ ಸುಳ್ಳು ಹೇಳಲಿಲ್ಲ. ಕುರ್ಚಿ ಹಿಡಿದು ಕುಳಿತರು.

"ಹೇಗೆ ಗೊತ್ತಾಯಿತು?"

"ಪುಟಪುಟಕ್ಕೂ ಶಿಲುಬೆ ಇದ್ದ ನೋಟ್‌ಬುಕ್ಕು. ಬೇರೆ ಕಳ್ಳನಾದರೆ ಸುಡುತ್ತಿದ್ದ, ಹೊಳೆಗೆ ಎಸೆಯುತ್ತಿದ್ದ. ನಿಮ್ಮಿಂದ ಎರಡೂ ಆಗದು. ದೇವರ ಹತ್ತಿರವೇ ಇಡಬೇಕು. ಗರಿ ತೆಗೆದರೆ ಅದು ಕಾಣುತ್ತದೆ. ಅದಕ್ಕೇ ಗರಿ ಕೊಡಲಿಲ್ಲ. ಮತ್ತೆ, ಹಡಗು ಸಿಗಬಾರದೆಂದು ಯಾರಿಗುಂಟು? ಓದುವವರಿಗೆಲ್ಲ ಸಿಗಬೇಕು. ಹೋದ ಭಾನುವಾರ ನೋಟ್‌ಬುಕ್ಕಿನ ಮೊದಲ ಸಾಲು ನೋಡಿ 'ಮುಂದಿನ ಕಂತಿನಲ್ಲಿ ಹಡಗು ಸಿಗ್ತದೆ' ಅಂತ ನಾನು ಹೇಳಿದಾಗ ಇಲ್ಲಿ ಇದ್ದದ್ದು ನೀವೊಬ್ಬರೇ. ಆ ಹಡಗಿನ ಚುಕ್ಕಾಣಿ ಹಿಡಿದವನ ಎಡಹುಬ್ಬಿನ ಮೇಲೆ ಕಲೆ ಉಂಟು ಬಾಯಮ್ಮ. ಮೂರು ವರ್ಷ ಪ್ರೂಫ್ ನೋಡಿದೆ. ಈ ಫೋಟೊ ಸರಿಯಾಗಿ ನೋಡಲಿಲ್ಲ."

"ಸಿಗ್ತದೆ," ಎಂದರು ಬಾಯಿ. "ಕಡೆಯೂರಿನ ಕತ್ತಲೆಯಲ್ಲಿ. ಒಡೆದು. ಒಳಗೆ ಎಲ್ಲರೂ..." ಅವರು ಫೋಟೊದ ಕಡೆ ನೋಡಿದರು. "ಇವರು ವರ್ಷ ವರ್ಷ ಕೇಳಿದರು, ಮಗನ ಆತ್ಮಕ್ಕೆ ಒಂದು ಪೂಜೆ ಇಡಿಸುವ ಅಂತ. ನಾನು ಬಿಡಲಿಲ್ಲ. ಶವ ನೋಡದೆ ಪೂಜೆ ಇಡಿಸುವುದಾ? ಇಲ್ಲಿ ಆಗದ್ದನ್ನು ಇವರು ಅಲ್ಲಿ, ಆ ಎರಡು ಸೂರ್ಯರ ಊರಿನಲ್ಲಿ ಮಾಡಿ ಮುಗಿಸಿದರು."

"ಗರಿಯ ಒಟ್ಟಿಗೆ ಇಗರ್ಜಿಗೆ ಕೊಟ್ಟುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ."

"ಕೊಟ್ಟು? ಬುಧವಾರ ಆ ಬೂದಿಯನ್ನು ನನ್ನ ಹಣೆಗೇ ಹಚ್ಚಿಸಿಕೊಳ್ಳಬೇಕಾ?"

ಕಳವು ಪತ್ತೆಯಾಗಿತ್ತು. ಅದರಿಂದ ಯಾರಿಗೂ ಏನೂ ಸಿಕ್ಕಿರಲಿಲ್ಲ.

"ನಾಳೆ ಮ್ಯಾಕ್ಸಿಮ್ ಬರೆದದ್ದು ಅಚ್ಚಿಗೆ ಹೋಗ್ತದೆ," ಎಂದಳು ಮೆಲ್ಲಗೆ. "ಅದರಲ್ಲಿ ಎಲ್ಲರೂ ತಿರುಗಿ ಬರ್ತಾರೆ."

"ಬರಲಿ."

"ಅದು ಮಾಸ್ಟ್ರ ಲೋಕ ಅಲ್ಲ ಬಾಯಮ್ಮ. ಎಲ್ಲ ತಪ್ಪು."

"ತಪ್ಪಾದರೂ ಬರಲಿ."

ಒಳಕೋಣೆಯಿಂದ ಮಾಸ್ಟ್ರ ಗಂಟಲಿನ ಶಬ್ದ ಕೇಳಿತು. ಕೊಡು ಎಂದೋ ಬೇಡ ಎಂದೋ ತಿಳಿಯುವ ಹಾಗಿರಲಿಲ್ಲ. ಬಾಯಿ ಎದ್ದು ಪಟದ ಹಿಂದಿನಿಂದ ಕಟ್ಟನ್ನು ತೆಗೆದು ಎದೆಗೆ ಅವಚಿಕೊಂಡರು. ಒಣಗರಿಗಳ ಸಂದಿಯಲ್ಲಿ ನೀಲಿ ರಟ್ಟು ಕಾಣಿಸಿತು.

ವಾರಿಜಾ ಕೈ ಮುಗಿದಳು.

"ಅಚ್ಚು ಬೇಡ. ಪ್ರೆಸ್ಸಿಗೆ ಒಯ್ಯುವುದಿಲ್ಲ. ಒಂದೇ ಒಂದು ಸಲ, ಬಾಗಿಲು ಹಾಕಿ, ಮಾಸ್ಟ್ರ ಕಿವಿಯಲ್ಲಿ ಓದಿ ಹಿಂದೆ ಕೊಡುತ್ತೇನೆ. ಅವರು ಬರೆದದ್ದನ್ನು ಅವರಾದರೂ ಕೇಳಲಿ. ಅಷ್ಟು ಕೊಡಿ ಬಾಯಮ್ಮ."

"ಇಲ್ಲ ವಾರಿಜಾ," ಎಂದರು ಮ್ಯಾಗ್ಡಲಿನ್ ಬಾಯಿ. "ಈ ಮನೆಯೊಳಗೆ ಆ ಮಾತನ್ನು ಯಾರಿಂದಲೂ ಆಡಿಸುವುದಿಲ್ಲ. ಕೊಡುವುದಿಲ್ಲ."