ನಾಲ್ಕನೇ ಪ್ರತಿವಾದಿ

"ಮದುವೆ ಅಂತೆ, ಡಾಕ್ಟರಮ್ಮ. ಒಳ್ಳೇದಾಗ್ಲಿ."

ಹೇಳಿದವನು ಬಿಳಿ ಶರ್ಟಿನವನು. ಎಷ್ಟೋ ವಾರಗಳಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಅವಳ ಕೋಣೆಯೆದುರಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದ. ಕೆಮ್ಮಿಲ್ಲ, ಜ್ವರವಿಲ್ಲ, ಚೀಟಿ ಮಾಡಿಸಿದವನೂ ಅಲ್ಲ. ಅವಳು ಬರುವುದನ್ನೂ ಹೋಗುವುದನ್ನೂ ನೋಡುವುದೇ ಅವನ ಕೆಲಸ. ಬಾಯಿ ಬಿಟ್ಟದ್ದು ಇದೇ ಮೊದಲು.

"ಯಾರ ಮದುವೆ?"

"ನಿಮ್ಮದೇ. ನಿಮಗಿಂತ ಮೊದಲು ನಮಗೆ ಸುದ್ದಿ ಬಂತು ನೋಡಿ," ಎಂದು ನಕ್ಕು ಎದ್ದುಹೋದ.

ಅವನನ್ನು ಅಲ್ಲಿ ಕೂರಿಸಿದ್ದವನು ಕಲ್ಲು ಕ್ವಾರಿಯ ಮಾಲೀಕ. ಅವನ ಮನೆಯ ಕೆಲಸದ ಹೆಂಗಸು ಮೆಟ್ಟಿಲಿನಿಂದ ಬಿದ್ದು ಸತ್ತಳೆಂದು ಹೆಣ ತಂದಿದ್ದರು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಕತ್ತಿನ ಮೇಲೆ ಬೆರಳಿನ ಗುರುತುಗಳಿವೆ ಎಂದು ಬರೆದಳು. "ಒಂದು ಸಾಲು ತಾನೇ, ತಿದ್ದಿಬಿಡಿ" ಎಂದು ಬಂದವರಿಗೆ ಬಾಗಿಲು ತೋರಿಸಿದಳು. ಅದರ ಬೆನ್ನಿಗೇ ಗುಡ್ಡದ ತುದಿಯ ಆಸ್ಪತ್ರೆಗೆ ವರ್ಗಾವಣೆಯಾಯಿತು. ಕೊಲೆ ಕೇಸಿನಲ್ಲಿ ಸಾಕ್ಷಿ ಹೇಳಲು ಅವಳು ಆ ಗುಡ್ಡದಿಂದ ಇಳಿದು ಬರಬೇಕಿತ್ತು. ದಾರಿ ಕಡಿದು, ತಿರುವುಗಳು ಜಾಸ್ತಿ, ಓಡಾಡುವ ಲಾರಿಗಳೆಲ್ಲ ಕ್ವಾರಿಯವು. ಅಲ್ಲಿ ಏನಾದರೂ ಆದರೆ ಅದನ್ನೂ ಅಪಘಾತವೆಂದೇ ಬರೆಯುತ್ತಿದ್ದರು.

ವಕೀಲರಾಗಿದ್ದ ಅವಳ ಸೋದರಮಾವ ನ್ಯಾಯಮಂಡಳಿಗೆ ಓಡಿ ಸ್ಟೇ ತಂದರು. ಅದನ್ನು ಹಿಡಿದು ಅವಳು ಕೋಣೆಗೆ ಬಂದರೆ, ಅವಳ ಕುರ್ಚಿಯಲ್ಲಿ ಯಾರೋ ಒಬ್ಬ ಕೂತು ಮಗುವಿನ ಕಿವಿ ನೋಡುತ್ತಿದ್ದ.

"ಏಳಿ. ಅದು ನನ್ನ ಕುರ್ಚಿ."

"ನಿಮ್ಮ ಜಾಗಕ್ಕೆ ನನ್ನನ್ನ ಹಾಕಿದಾರಲ್ಲ."

"ಅದಕ್ಕೆ ಸ್ಟೇ ಬಂದಿದೆ. ನೀವೀಗ ನಾಲ್ಕನೇ ಪ್ರತಿವಾದಿ."

"ಮೊದಲಿನ ಮೂವರು ಯಾರು?"

"ಸರ್ಕಾರ, ಕಮಿಷನರು, ನಮ್ಮ ದೊಡ್ಡ ಡಾಕ್ಟರು."

"ಪರವಾಗಿಲ್ವೇ! ದೊಡ್ಡವರ ಸಾಲಲ್ಲೇ ಕೂರಿಸಿದೀರಿ." ಅವನು ಎದ್ದು, ಕರವಸ್ತ್ರದಿಂದ ಕುರ್ಚಿ ಒರೆಸಿಕೊಟ್ಟ. ಒರೆಸುವಾಗ ಅವಳನ್ನೇ ನೋಡುತ್ತಿದ್ದುದರಿಂದ ಅರ್ಧ ಕುರ್ಚಿ ಧೂಳಾಗಿಯೇ ಉಳಿಯಿತು.

ಅವನಿಗೆ ಹಿಂದಿರುಗಲು ಊರಿಲ್ಲ, ಇಲ್ಲಿ ಕೂರಲು ಹುದ್ದೆಯಿಲ್ಲ. ಹೊಸ ಆದೇಶ ಬರುವ ತನಕ ಸ್ಟೂಲಿನ ಮೇಲೆ ಕೂತು ರೋಗಿಗಳನ್ನು ನೋಡಿದ. ಅವಳನ್ನು "ಅರ್ಜಿದಾರರೇ" ಎಂದು ಕರೆಯುತ್ತಿದ್ದ. ಹೆಡ್ ನರ್ಸ್ ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಬೆಂಚಿನವನು ಹಿಂಬಾಲಿಸುತ್ತಾನೆಂದು ತಿಳಿದ ದಿನದಿಂದ ಅವನು ಸಂಜೆ ಅವಳ ಜೊತೆ ನಡೆಯತೊಡಗಿದ.

"ಪ್ರತಿವಾದಿ ಬಂದು ಅರ್ಜಿದಾರರನ್ನ ಮನೆ ತಲುಪಿಸೋದು ಯಾವ ಕಾನೂನಲ್ಲಿದೆ?"

"ಯಾವುದರಲ್ಲೂ ಇಲ್ಲ. ಅದಕ್ಕೇ ನಿಧಾನಕ್ಕೆ ನಡೀತಿದೀನಿ, ಯಾರಾದ್ರೂ ಸ್ಟೇ ತರೋದಾದ್ರೆ ತರ್ಲಿ ಅಂತ."

ಅವಳು ಮುಖ ತಿರುಗಿಸಿ ನಕ್ಕಳು. ಹಿಂದೆ, ದೀಪದ ಕಂಬದ ಹತ್ತಿರ ಬಿಳಿ ಶರ್ಟು ನಿಂತಿತ್ತು.

ಗುಡ್ಡದ ಆಸ್ಪತ್ರೆಯಲ್ಲಿ ಹುದ್ದೆ ಖಾಲಿ ಇತ್ತು, ಕೊನೆಗೆ ಅವನನ್ನೇ ಅಲ್ಲಿಗೆ ಕಳಿಸಿದರು. ಬಸ್ಸು ಹೊರಡುವ ಮುಂಚೆ ಅವನು ಏನೋ ಕೇಳಲು ಬಾಯಿ ತೆರೆದ. "ಸಾಕ್ಷಿ ಮುಗೀಲಿ. ಆಮೇಲೆ ಕೇಳಿ," ಎಂದು ತಡೆದಳು. ಆದರೆ ಅವಳ ಕಣ್ಣು ಉತ್ತರ ಕೊಟ್ಟಾಗಿತ್ತು. ಪಾಪ, ಕಣ್ಣಿಗೆ ಕಾನೂನು ಗೊತ್ತಿರುವುದಿಲ್ಲ.

ಬಿಳಿ ಶರ್ಟಿನವನು ಶುಭಾಶಯ ಹೇಳಿದ ಮಧ್ಯಾಹ್ನವೇ ಆದೇಶ ಅವಳ ಕೈಗೆ ಬಂತು. ಭಾವೀ ಪತಿಯ ಕೋರಿಕೆಯ ಮೇರೆಗೆ, ದಂಪತಿ ಒಂದೇ ಕಡೆ ಇರಲೆಂಬ ಕಾಳಜಿಯಿಂದ, ಅವಳನ್ನು ಗುಡ್ಡದ ಆಸ್ಪತ್ರೆಗೆ ಕಳಿಸಲಾಗಿತ್ತು. ಅವಳು ಫೋನು ಹಚ್ಚಿದಳು.

"ನನ್ನನ್ನ ನೀವಿರೋ ಕಡೆಗೆ ಹಾಕಿ ಅಂತ ಬರೆದಿದ್ದೆ, ನಿಮ್ಮನ್ನ ಇಲ್ಲಿಗೆ ಅಂತಲ್ಲ," ಎಂದ ಅವನು. "ನಮ್ಮ ಇಲಾಖೆಯಲ್ಲಿ ಅರ್ಜಿ ಕದಲೋಕೆ ವರ್ಷ ಬೇಕು. ಅಷ್ಟರಲ್ಲಿ ಸಾಕ್ಷಿ ಮುಗಿದಿರುತ್ತೆ ಅಂತ, ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಹಾಕಿಟ್ಟೆ."

"ಟವೆಲ್ ಹಾಕಿದ್ದು ನೀವು. ಬಂದು ಕೂತವರು ಯಾರು ನೋಡಿ. ನಾನು ಹೂಂ ಅನ್ನೋಕೆ ಮೊದಲೇ ಮದುವೆ ನಿಶ್ಚಯ ಅಂತ ಬರೆದ್ರಾ?"

"ನಿಮ್ಮ ಕಣ್ಣು ನೋಡಿ ಬರೆದೆ."

"ಕಣ್ಣು ನೋಡಿ ಕಾಮಾಲೆ ಹೇಳಬಹುದು, ಡಾಕ್ಟ್ರೇ. ಮದುವೆ ಅಲ್ಲ." ಫೋನಿಟ್ಟು ಅತ್ತಳು. ಕೋಪ ಅವನ ಮೇಲಿತ್ತೋ ಸುದ್ದಿ ಕೇಳಿ ಕ್ಷಣಕಾಲ ಹಿಗ್ಗಿದ ತನ್ನ ಮೇಲೋ, ಅವಳಿಗೇ ತಿಳಿಯಲಿಲ್ಲ.

ಮಾವ ಆದೇಶವನ್ನು ಓದಿ ಕನ್ನಡಕ ತೆಗೆದರು. "ಶಿಕ್ಷೆ ಅಂತ ಕಳಿಸಿದ್ರೆ ಜಗಳ ಆಡಬಹುದು ಮಗೂ. ಕೇಳಿದ್ದನ್ನೇ ಕೊಟ್ಟಿದೀವಿ ಅಂದ್ರೆ ಯಾವ ಬಾಯಲ್ಲಿ ಜಗಳ ಆಡ್ಲಿ? ಸ್ಟೇ ಹೋಗುತ್ತೆ."

"ಅವರು ಅರ್ಜಿ ವಾಪಸ್ ತಗೊಂಡ್ರೆ?"

"ಆದೇಶ ಆಗಿಹೋಗಿದೆ. ನೀನೇ ಪ್ರಮಾಣ ಮಾಡಿ ಹೇಳಬೇಕು, ಈ ಮದುವೆ ಇಲ್ಲ ಅಂತ."

"ಸುಳ್ಳು ಬರೆಯಲ್ಲ ಅಂತ ತಾನೇ ಮಾವ, ನಾನು ಇಷ್ಟೆಲ್ಲ ಅನುಭವಿಸ್ತಿರೋದು? ಮನಸ್ಸಲ್ಲಿ ಆಗ್ತೀನಿ ಅಂತ ಇಟ್ಕೊಂಡು, ಇಲ್ಲ ಅಂತ ಹೇಗೆ ಹೇಳ್ಲಿ?"

ಮಾವ ಆದೇಶವನ್ನು ಮಡಚಿ ಫೈಲಿಗೆ ಸೇರಿಸಿದರು.

ವಿಚಾರಣೆಯ ಬೆಳಿಗ್ಗೆ ಅವನು ಗುಡ್ಡದಿಂದ ಬಂದ. ಗಡ್ಡ ಬೋಳಿಸಿರಲಿಲ್ಲ, ಶರ್ಟಿನ ಗುಂಡಿ ಹೆಚ್ಚುಕಮ್ಮಿಯಾಗಿತ್ತು. ನ್ಯಾಯಮಂಡಳಿಯ ಕಾರಿಡಾರಿನಲ್ಲಿ ಕರಿಕೋಟುಗಳು ಓಡಾಡುತ್ತಿದ್ದವು. ಮಾವನಿಂದ ಅವನಿಗೆ ಎಲ್ಲ ತಿಳಿದಿತ್ತು. ಅವಳೆದುರು ಬಂದು ನಿಂತ.

"ಆವತ್ತು ಬಸ್ಸಿನ ಹತ್ತಿರ ಕೇಳೋಕೆ ಬಿಡ್ಲಿಲ್ಲ. ಈಗ ಕೇಳ್ತೀನಿ." ಅಷ್ಟು ದಿನದ ಬಹುವಚನ ಬಿಟ್ಟು, ಮೊದಲ ಸಲ ಏಕವಚನದಲ್ಲಿ ಕೇಳಿದ: "ನನ್ನನ್ನ ಮದುವೆ ಆಗ್ತೀಯಾ?"

ಇಲ್ಲ ಎನಿಸಿಕೊಳ್ಳಲೆಂದೇ ಕೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಯಿತು.

"ನಾನು ಕೊಡೋ ಉತ್ತರ ನಾಟಕದ್ದಾಗಿರಲ್ಲ," ಎಂದಳು. "ನಾಳೆ ಬದಲಾಯಿಸ್ತೀನಿ ಅಂತ ಒಳಗಿಟ್ಕೊಂಡು ಹೇಳಿದ್ರೆ ಅದೂ ಸುಳ್ಳೇ."

"ಗೊತ್ತು. ನೀನು ಆ ಲಾರಿಗಳ ದಾರಿಗೆ ಬರಬಾರದು. ನಿಜವಾಗ್ಲೂ ಹೇಳು."

"ನಿಮ್ಮ ಮೇಲೆ ನನಗೆ ಜೀವ ಇದೆ. ಇದನ್ನ ಒಳಗೆ ಯಾರೂ ಕೇಳಲ್ಲ, ನೀವಾದ್ರೂ ಕೇಳಿಸ್ಕೊಳ್ಳಿ." ಅವನ ಶರ್ಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು. ಕೈ ತೆಗೆದ ಮೇಲೆ ಹೇಳಿದಳು: "ಇಲ್ಲ. ಆಗಲ್ಲ."

ಅವನು ತಲೆಯಾಡಿಸಿದ. ನಗಲು ನೋಡಿದ, ಬರಲಿಲ್ಲ.

ಒಳಗೆ ಸರ್ಕಾರಿ ವಕೀಲರು ಮದುಮಗಳ ಹಿತದ ಬಗ್ಗೆ ಸೊಗಸಾಗಿ ಮಾತಾಡಿದರು. ಅವರ ಹಿಂದಿನ ಸಾಲಿನಲ್ಲಿ ಕ್ವಾರಿ ಮಾಲೀಕನೇ ಬಂದು ಕೂತಿದ್ದ. ಕಣ್ಣು ಮಿಟುಕಿಸದೆ ಅವಳನ್ನು ನೋಡುತ್ತಿದ್ದ.

"ಇವರನ್ನು ಮದುವೆಯಾಗುತ್ತೀರಾ?" ನ್ಯಾಯಾಧೀಶರು ಪ್ರಮಾಣ ಮಾಡಿಸಿ ಕೇಳಿದರು.

"ಇಲ್ಲ, ಸ್ವಾಮಿ."

"ನಾಲ್ಕನೇ ಪ್ರತಿವಾದಿಗೆ ಇದು ಗೊತ್ತಿರಲಿಲ್ಲವೇ?"

"ಈಗ ತಾನೇ ಕೇಳಿ ತಿಳ್ಕೊಂಡೆ, ಸ್ವಾಮಿ," ಎಂದ ಅವನು.

ಆದೇಶ ರದ್ದಾಯಿತು, ಸ್ಟೇ ಉಳಿಯಿತು. ಕ್ವಾರಿ ಮಾಲೀಕ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಮಾವ ಅವಳ ಭುಜ ಹಿಡಿದು ಮೆಟ್ಟಿಲಿಳಿಸಿದರು. ಕಟಕಟೆಯಲ್ಲಿ ನಿಂತು ಆ ಹೆಂಗಸಿನ ಕತ್ತಿನ ಬಗ್ಗೆ ಹೇಳುವುದು ಇನ್ನೂ ಬಾಕಿಯಿತ್ತು. ಅಲ್ಲಿಯವರೆಗೆ ಬದುಕಿರಬೇಕಿತ್ತು.

"ಅವನು ಮೇಲೆ ನಿಂತು ನಿನ್ನನ್ನೇ ನೋಡ್ತಿದಾನೆ, ಮಗೂ," ಎಂದರು ಮಾವ.

ಅವಳು ತಿರುಗಲಿಲ್ಲ. ತಿರುಗಿದ್ದರೆ ಒಳಗೆ ಮಾಡಿದ ಪ್ರಮಾಣ ಸುಳ್ಳಾಗಿಬಿಡುತ್ತಿತ್ತು.