ಹತ್ತು ಭಾಗದ ಚೆಂಡು

ಎಂಟು ಭಾಗದ ಚೆಂಡನ್ನು ತೋರಿಸಿ ಮುಗಿಸಿಬಿಡೋಣ ಎಂದೇ ಚಿಜುರು ಆ ಮಧ್ಯಾಹ್ನ ಜಪಾನಿನ ಮತ್ಸುಮೊತೊ ಊರಿನ ಸಮುದಾಯ ಭವನಕ್ಕೆ ಬಂದಿದ್ದಳು. ಮೂರು ವರ್ಷದಿಂದ ಎಲ್ಲಿ ಹೋದರೂ ಎಂಟೇ. ಹತ್ತರ ತಂಟೆಗೆ ಅವಳು ಹೋಗುತ್ತಿರಲಿಲ್ಲ.

ಎದುರಿಗೆ ಹದಿನಾಲ್ಕು ಜನ ಹೆಂಗಸರು. ಚೆಂಡಿನ ಮೇಲೆ ಬಣ್ಣದ ನೂಲಿನಲ್ಲಿ ಚಿತ್ತಾರ ಹೊಲಿದು ತೆಮಾರಿ ಮಾಡುವವರು, ಗಣಿತವೆಂದರೆ ಮಾರು ದೂರ ನಿಲ್ಲುವವರು. ಚೆಂಡನ್ನು ಎಂಟೋ ಹತ್ತೋ ಭಾಗ ಮಾಡಿ ನೂಲಿನ ದಾರಿಯನ್ನು ಪರದೆಯ ಮೇಲೆ ಎಳೆದು ತೋರಿಸುವ ಈ ಸಾಫ್ಟ್‌ವೇರ್ ಪುಕ್ಕಟೆ, ಒಳಗಿನ ಲೆಕ್ಕವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಬಹುದು ಎಂದು ಅವಳು ವಿವರಿಸಿದಳು. ಕಟ್ಟುಪಾಡು ಒಂದೇ. ತಿದ್ದಿದವರೇ ಅದನ್ನು ಸೇರಿಸುವಂತಿಲ್ಲ, ಇನ್ನೊಬ್ಬರು ನೋಡಿ ಒಪ್ಪಬೇಕು.

"ನಮ್ಮಲ್ಲೂ ಹಂಗೇ," ಎಂದಳು ಎಂಬತ್ತು ದಾಟಿದ ಕಿಯೊ ಅಜ್ಜಿ. "ನಾನು ಹೊಲಿದಿದ್ರಲ್ಲಿ ಈ ಸುಮಿಯೆ ಹುಳುಕು ಹುಡುಕ್ತಾಳೆ. ಅದಕ್ಕೇ ಹುಟ್ಟಿದಾಳೆ."

ಎಲ್ಲರೂ ನಕ್ಕರು. ನಗು ನಿಲ್ಲುವ ಮುಂಚೆಯೇ ಅಜ್ಜಿ, ಮದುಮಗಳಿಗೆ ಕೊಡೋ ಹತ್ತು ಭಾಗದ ಚೆಂಡು ತೋರಿಸು ಎಂದಳು. ಆಗಲ್ಲ ಅನ್ನಲು ಚಿಜುರುಗೆ ನೆಪ ಸಿಗಲಿಲ್ಲ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಸುತ್ತಿಕೊಂಡವು. ಕೊನೆಯದು ಮೊದಲನೆಯದನ್ನು ಮುಟ್ಟದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು.

"ನೂಲು ಕೂಡ್ಲಿಲ್ಲ," ಎಂದಳು ಅಜ್ಜಿ.

"ಗೊತ್ತು ಅಜ್ಜಿ. ಅದನ್ನ ತಿದ್ದಿಟ್ಟಿದಾನೆ. ನಾನೇ ತೆರೆದು ನೋಡಿಲ್ಲ."

"ಯಾರು?"

"ಇಬುಕಿ ಅಂತ. ಈಗಿಲ್ಲ."

ಸಾಫ್ಟ್‌ವೇರ್ ಕಟ್ಟಿದ್ದು ಅವರಿಬ್ಬರೇ. ಅವನು ಬರೆಯುತ್ತಿದ್ದ, ಇವಳು ತಪ್ಪು ಹಿಡಿಯುತ್ತಿದ್ದಳು. ತಪ್ಪು ಸಿಕ್ಕಾಗಲೆಲ್ಲ ಅವನು ಕನ್ನಡಕದ ಮೇಲಿಂದ ಮುನಿಸಿನ ನೋಟ ಬೀರುತ್ತಿದ್ದ. ಆ ನೋಟಕ್ಕಾಗಿಯೇ ಇವಳು ಇಲ್ಲದ ತಪ್ಪನ್ನೂ ಹುಡುಕಿದ್ದುಂಟು. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ. ಕೊನೆಯ ವಾರ ಅವಳು ಬರೆದದ್ದು ಇಷ್ಟೇ: 'ಇಂಥ ಲೆಕ್ಕ ಮಕ್ಕಳೂ ಮಾಡಲ್ಲ. ಮತ್ತೆ ಬರೆ.' ಶುಕ್ರವಾರ ಅವನು ತಿದ್ದಿ ಕಳಿಸಿ ಹೊತಾಕ ಬೆಟ್ಟ ಹತ್ತಿದ. ಹಿಮ ಕುಸಿಯಿತು. ಅವನು ಇಳಿದು ಬರಲಿಲ್ಲ.

ಅವನ ಕೊನೆಯ ಮಾತು ಕೋಪದ್ದಾಗಿದ್ದರೆ ಅದನ್ನು ಓದಿ ಬದುಕುವುದು ಹೇಗೆ ಎಂದು ಅವಳಿಗೆ ಭಯ. ತೆರೆಯದಿದ್ದರೂ ಅವನು ಬಿಡಲಿಲ್ಲ. ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಅದೇ ಸಾಲು ಬರುತ್ತಿತ್ತು: 'ಇಬುಕಿ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾರೆ.'

ಇದನ್ನೆಲ್ಲ ಅವಳು ಆ ಅಪರಿಚಿತ ಹೆಂಗಸರ ಮುಂದೆ ಯಾಕೆ ಹೇಳಿದಳೋ, ಅಂತೂ ಹೇಳಿದಳು.

"ಕಾಯಿಸ್ಬೇಡ ಮಗಾ," ಎಂದಳು ಕಿಯೊ ಅಜ್ಜಿ. "ನಮ್ಮ ಜೊತೆಯವಳು ಚೆಂಡು ಅರ್ಧಕ್ಕೆ ಬಿಟ್ಟು ಹೋದ್ರೆ ಉಳಿದವರು ಮುಗಿಸ್ತೀವಿ. ಇಲ್ಲಾಂದ್ರೆ ಸೂಜಿ ಹುಡುಕ್ಕೊಂಡು ಬರ್ತಾಳೆ ಪಾಪ."

ಚಿಜುರು ತೆರೆದಳು. ಪರದೆಯ ಮೇಲೆ ಅವನ ಮಾತು ದೊಡ್ಡಕ್ಷರಗಳಲ್ಲಿ ಎಲ್ಲರಿಗೂ ಕಂಡಿತು.

'ನೀನು ಹೇಳಿದ್ದೇ ಸರಿ, ಎಳೆ ಕೂಡಿರಲಿಲ್ಲ. ಈಗ ಕೂಡುತ್ತೆ. ಪರೀಕ್ಷೆಗೆ ಒಂದು ಚೆಂಡು ಹಾಕಿದ್ದೇನೆ, ಅವತ್ತು ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆಯಲ್ಲ, ಅದೇ ನೀಲಿ, ಅದೇ ಕೆಂಪು. ನಮ್ಮ ಮದುವೆಗೆ. ಎದುರಿಗೆ ಕೇಳಲು ಧೈರ್ಯ ಬರಲಿಲ್ಲ. ಬಣ್ಣ ಹಿಡಿಸದಿದ್ದರೆ ಭಾನುವಾರ ಜಗಳ ಆಡೋಣ.'

ಪರದೆಯಲ್ಲಿ ನೀಲಿ ಗೆರೆ ಸುತ್ತಿ ಬಂದು ಮೊದಲ ಗೆರೆಯನ್ನು ಸರಿಯಾಗಿ ಮುಟ್ಟಿತು. ಚಿಜುರು ಅದರ ಕೆಳಗೆ ಬರೆದಳು: 'ನೂಲು ಕೂಡಿತು. ಬಣ್ಣ ಹಿಡಿಸಿತು. ಮೊದಲಿನಿಂದಲೂ ನೀನಂದರೆ ನನಗೆ ಪ್ರಾಣ, ಇಬುಕಿ.' ಬರೆದು ಒಪ್ಪಿಗೆ ಒತ್ತಿದಳು. ಅದು ತಾನಾಗಿಯೇ ಅವನ ಇಮೇಲ್‌ಗೆ ಹೋಯಿತು.

ನಿಮಿಷವೂ ಆಗಿರಲಿಲ್ಲ, ಅವನ ಹೆಸರಿನಿಂದ ಉತ್ತರ ಬಂತು. ಹೊರಡುವ ಮುಂಚೆ ಅವನೇ ಇಟ್ಟುಹೋದ ಸ್ವಯಂಚಾಲಿತ ಸಂದೇಶ ಅದು. ಯಾರೂ ಅದನ್ನು ನಿಲ್ಲಿಸಿರಲಿಲ್ಲ, ಅವನು ಹೋದಮೇಲೆ ಅವಳು ಅವನಿಗೆ ಬರೆದಿರಲೂ ಇಲ್ಲ.

'ಬೆಟ್ಟದಲ್ಲಿದ್ದೇನೆ. ಇಳಿದ ಕೂಡಲೇ ಉತ್ತರ ಬರೆಯುತ್ತೇನೆ.'

ಚಿಜುರು ಮೊದಲು ನಕ್ಕಳು, ಆಮೇಲೆ ಮೂರು ವರ್ಷದ ಅಳುವೆಲ್ಲ ಒಟ್ಟಿಗೆ ಬಂತು. ಕಿಯೊ ಅಜ್ಜಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಬರಿಯ ಬಿಳಿ ಚೆಂಡೊಂದನ್ನು ಇವಳ ಮಡಿಲಲ್ಲಿಟ್ಟು ಸೂಜಿಗೆ ನೀಲಿ ನೂಲು ಪೋಣಿಸಿದಳು.

"ನಿಧಾನಕ್ಕೆ ಇಳೀಲಿ ಬಿಡು," ಎಂದಳು. "ಹತ್ತು ಭಾಗದ್ದಕ್ಕೆ ಹೆಂಗೂ ಎರಡು ತಿಂಗಳು ಬೇಕು. ಮೊದಲ್ನೇ ಹೊಲಿಗೆ ನೀನೇ ಹಾಕು."