ಬಾಸ್ ಗಿಟಾರಿನ ದನಿ ಎಲ್ಲಿ ಹೋಯಿತು?

"ಗಿಟಾರ್ ಇಲ್ಲಿ ಕೊಡ್ರಿ."

ಧರಮಪೇಠದ ಸಭಾಂಗಣದಲ್ಲಿ ತಾಲೀಮು ನಡೆದಿತ್ತು. ಹಾಡಿನ ನಡುವೆಯೇ ವೇದಿಕೆ ಹತ್ತಿ ಬಂದ ಬೃಂದಾಳನ್ನು ಕಂಡು ಉಮಾಪತಿಯ ಬೆರಳುಗಳು ತಂತಿಯ ಮೇಲೆಯೇ ನಿಂತುಬಿಟ್ಟವು.

"ನೀವು... ಇಲ್ಲಿ?"

"ಅರೇ ವಾ, ಡಾಕ್ಟರ್ ಬಾಯಿ ಬಂದ್ರು." ಹಾಡುತ್ತಿದ್ದ ಗೆಳತಿ ಸ್ವಪ್ನಾ ಮೈಕಿನಲ್ಲೇ ನಕ್ಕಳು. "ಪೇಶಂಟ್ ಗಿಟಾರೋ, ಉಮಾಪತಿಯೋ?"

ಬೃಂದಾ ನಗಲಿಲ್ಲ.

ಅವಳು ಮಿಹಾನ್‌ನ ವಿಮಾನ ದುರಸ್ತಿ ಕೇಂದ್ರದಲ್ಲಿ ವೈರಿಂಗ್ ಸರಿಪಡಿಸುವವಳು. ಸಂಜೆ ಬಜಾಜ್ ನಗರದ ಮನೆಯಲ್ಲಿ ಗಿಟಾರ್, ಸ್ಪೀಕರ್ ರಿಪೇರಿ. ರೈಲ್ವೆ ನೌಕರಿಯಲ್ಲಿ ಹುಬ್ಬಳ್ಳಿಯಿಂದ ಈ ಊರಿಗೆ ವರ್ಗವಾಗಿ ಬಂದ ಉಮಾಪತಿ ವಾರಕ್ಕೊಮ್ಮೆ ಏನಾದರೊಂದು ಹಿಡಿದುಕೊಂಡು ಬರುತ್ತಿದ್ದ. ಕೆಲಸ ಸಣ್ಣದು, ಆದರೂ ಚಹಾ ಎರಡು ಸಲ ಆಗುತ್ತಿತ್ತು.

ಕೊನೆಗೆ ತಂದದ್ದು ಈ ಬಾಸ್ ಗಿಟಾರ್. ತೀರಿಹೋದ ಕಾಕಾನದು, ಅವನಿಗಿಂತ ಹಿರಿಯದು. ತಂತಿಯ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಎರಡು ಪಿಕಪ್‌ಗಳಲ್ಲಿ ಒಂದು ಸತ್ತಿತ್ತು. ಕಡಿದಿದ್ದ ವೈರುಗಳನ್ನು ಬೃಂದಾ ಹೊಸದಾಗಿ ಬೆಸೆದು ಕೊಟ್ಟಳು. ಅಂದಿನಿಂದ ಅವನು ಬಂದೇ ಇರಲಿಲ್ಲ.

ಕೆಲಸ ಮುಗಿಯಿತು, ಬರುವುದೂ ಮುಗಿಯಿತೇ? ಹೀಗೆ ಕೇಳಿಕೊಳ್ಳುತ್ತಿದ್ದವಳಿಗೆ ನಿನ್ನೆ ಸ್ವಪ್ನಾ ಫೋನಿನಲ್ಲಿ ಹೇಳಿದ್ದಳು. "ಅವನ ಗಿಟಾರ್ ಬರೋಬರ್ ಇಲ್ಲ. ನಿನ್ನ ಹತ್ರ ತರಾಕ ಒಲ್ಲೆ ಅಂತಾನ."

ಒಲ್ಲೆ ಅಂತಾನೆ... ಆ ಮಾತೇ ಅವಳನ್ನು ಇಲ್ಲಿಗೆ ಎಳೆದು ತಂದಿತ್ತು.

"ಬಾರಿಸ್ರಿ," ಎಂದಳು.

ಬಾರಿಸಿದ. ಎದೆ ತುಂಬಬೇಕಾದ ದನಿ ಖಾಲಿ ಡಬ್ಬಿ ಬಡಿದ ಹಾಗೆ ತೆಳ್ಳಗೆ ಬಂತು.

ಅವಳ ಮುಖ ಬಿಸಿಯಾಯಿತು. ನಾನೇ ಕೆಡಿಸಿದೆನೇ? ಆದರೂ ಕೈ ಸುಮ್ಮನಿರಲಿಲ್ಲ. ಒಂದು ಪಿಕಪ್ಪಿನ ವಾಲ್ಯೂಮ್ ನಾಬ್ ಮುಚ್ಚಿದಳು. ದನಿ ಗಟ್ಟಿಯಾಯಿತು. ಅದನ್ನು ತೆರೆದು ಇನ್ನೊಂದನ್ನು ಮುಚ್ಚಿದಳು. ಆಗಲೂ ಗಟ್ಟಿ. ಎರಡನ್ನೂ ತೆರೆದಳು... ಮತ್ತೆ ಅದೇ ಡಬ್ಬಿ.

"ವಿಚಿತ್ರ ಐತಲ್ಲ. ಒಂದೊಂದ ಇದ್ರ ಚಲೋ. ಕೂಡಿದ್ರ ಯಾಕ ಹಿಂಗ?"

ಗಿಟಾರಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಚೀಲದಿಂದ ಮುಳ್ಳಿನ ಮೀಟರ್ ತೆಗೆದು ಒಂದು ಪಿಕಪ್ಪಿಗೆ ಜೋಡಿಸಿದಳು. ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರ್ ತಾಗಿಸಿ ಥಟ್ಟನೆ ಎತ್ತಿದಳು. ಮುಳ್ಳು ಮುಂದಕ್ಕೆ ಜಿಗಿಯಿತು. ಇನ್ನೊಂದಕ್ಕೂ ಹಾಗೆಯೇ ಮಾಡಿದಳು. ಮುಳ್ಳು ಹಿಂದಕ್ಕೆ ಸರಿಯಿತು.

ಬೃಂದಾ ಮೀಟರ್ ಕೆಳಗಿಟ್ಟಳು.

"ಒಂದು ತಳ್ಳುವಾಗ ಇನ್ನೊಂದು ಎಳೀಲಿಕತ್ತೈತಿ, ಅದಕ್ಕ ಕೂಡಿದ್ರ ಒಂದರ ದನಿ ಇನ್ನೊಂದು ನುಂಗತೈತಿ. ತಪ್ಪು ನಂದ. ನಮ್ಮ ಬೆಂಚ್ ಮ್ಯಾಲೆ ಕಪ್ಪು ವೈರ್ ಅಂದ್ರ ಅರ್ಥಿಂಗ್, ಕಣ್ಣು ಮುಚ್ಚಿ ಹಚ್ಚಿದೆ. ಈ ಪಿಕಪ್ಪಿನಾಗ ಯಾರೋ ಹಿಂದ ವೈರಿನ ಬಣ್ಣ ಉಲ್ಟಾ ಇಟ್ಟಿದ್ರು. ಒಂದೊಂದ ಪಿಕಪ್ ಕೇಳಿ ನೋಡಿದೆ, ಎರಡೂ ಕೂಡಿಸಿ ಕೇಳಲಿಲ್ಲ."

"ನಾ ಚಹಾ ಕುಡದು ಬರ್ತೀನಿ," ಎಂದು ಸ್ವಪ್ನಾ ಜಾಗ ಖಾಲಿ ಮಾಡಿದಳು.

ಬೆಸೆಯಲು ಹಚ್ಚಿಟ್ಟ ಸೋಲ್ಡರಿಂಗ್ ಐರನ್ ಬಿಸಿಯಾಗುತ್ತಿತ್ತು.

"ಬ್ಯಾರೆ ಯಾರಿಗೆ ತೋರಿಸಿದ್ರಿ?"

"ಯಾರಿಗೂ ಇಲ್ಲ."

"ಮತ್ತ ನನ್ನ ಹತ್ರ ಯಾಕ ತರಲಿಲ್ಲ?"

"ತಂದ್ರ ನೀವ ಕೆಡಿಸೀರಿ ಅಂದಂಗ ಆಗ್ತಿತ್ತು. ಅವತ್ತು ನಿಮ್ಮ ಮುಖದಾಗ ಎಷ್ಟು ಖುಷಿ ಇತ್ತು..."

"ಬರಿಗೈಲೆ ಬರಬೇಕಾಗಿತ್ತು."

"ಬಂದ್ರ ಗಿಟಾರ್ ಹೆಂಗೈತಿ ಅಂತ ಕೇಳ್ತಿದ್ರಿ. ನಿಮ್ಮ ಮುಂದ ಸುಳ್ಳು ಹೇಳಾಕ ನನಗ ಬರಂಗಿಲ್ಲ."

"ಅದಕ್ಕ ಈ ಡಬ್ಬಿ ದನಿ ಕೇಳ್ಕೋತ ಕುಂತ್ರಿ?"

"ಹ್ಞೂಂ."

ಅವಳಿಗೆ ಸಿಟ್ಟು ಬಂತು. ಕಣ್ಣು ಮಾತ್ರ ಏಕೋ ತುಂಬಿದವು.

"ನಾ ತಪ್ಪು ಮಾಡಿದ್ರ ತಿದ್ದಬಹುದು, ಉಮಾಪತಿ. ನೀವು ಬರೋದ ಬಿಟ್ರ... ಏನು ತಿದ್ದಲಿ?"

ಅವಳು ಎರಡು ವೈರುಗಳನ್ನು ಬಿಚ್ಚಿ, ಅದಲು ಬದಲು ಮಾಡಿ ಬೆಸೆದಳು. ಎರಡೂ ನಾಬ್ ಪೂರ್ತಿ ತೆರೆದು ಗಿಟಾರನ್ನು ಅವನ ಕೈಗೆ ಕೊಟ್ಟಳು.

ಒಂದೇ ಒಂದು ಸ್ವರ. ವೇದಿಕೆಯ ಹಲಗೆಗಳು ಪಾದದ ಕೆಳಗೆ ಗುಂಯ್‌ಗುಟ್ಟಿದವು. ಉಮಾಪತಿ ಕಣ್ಣು ಮುಚ್ಚಿದ. ಕಾಕಾ ಬಾರಿಸಿದಾಗಲೂ ಹೀಗೆಯೇ ಕೇಳುತ್ತಿತ್ತೇನೋ ಎಂದು ಅವಳು ಬೆರಗಿನಿಂದ ನೋಡಿದಳು.

ಮುಚ್ಚಳ ಹಾಕಲು ಅವಳು ಗಿಟಾರನ್ನು ಮತ್ತೆ ತೆಗೆದುಕೊಂಡಳು. "ಮುಂದ ನನ್ನ ತಪ್ಪು ಕಂಡ್ರ ಹೇಳ್ತೀರಿಲ್ಲೋ?"

"ಹೇಳ್ತೀನಿ. ಈಗ ಒಂದು ಹೇಳ್ಲಿ?"

ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. "ಹೇಳ್ರಿ."

"ವಾರಾ ವಾರಾ ಬರೇ ರಿಪೇರಿಗಂತ ಬರ್ತಿದ್ದೆ ಅಂತ ತಿಳ್ಕೊಂಡೀರಲ್ಲ... ಅದು ತಪ್ಪು."

ಬೃಂದಾ ಸ್ಕ್ರೂ ತಿರುಗಿಸುತ್ತಲೇ ಇದ್ದಳು. ತಲೆಯೆತ್ತಲಿಲ್ಲ.

"ಹಂಗ ನಾ ಯಾವತ್ತು ತಿಳ್ಕೊಂಡಿದ್ದೆ?"